ಮೂವರು ಉಳಿದರೆ ತಂಡ ಉಳಿಯುತ್ತದೆ

ಇಲ್ಲಿ ಬರೆದಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಯಾವುವು ಅಂತ ಗೊತ್ತಿದ್ದರೆ ತಿದ್ದಿಯೇ ಬರೆಯುತ್ತಿದ್ದೆ. ದಿನಚರಿ ಬರೆಯುವ ಅಭ್ಯಾಸ ನನಗಿದೆ, ಆದರೆ ಅದನ್ನೂ ಪೂರ್ತಿ ನಂಬುವುದಿಲ್ಲ. ಇತಿಹಾಸದ ಎಂ.ಎ. ತರಗತಿಯಲ್ಲಿ ನಮಗೆ ಮೊದಲು ಕಲಿಸಿದ್ದು, ಯಾವ ದಾಖಲೆ ಓದಿದರೂ ಬರೆದವರು ಆಗ ಯಾವ ಮನಃಸ್ಥಿತಿಯಲ್ಲಿದ್ದರು ಅಂತ ಕೇಳಿಕೊಳ್ಳಬೇಕು ಎಂದು. ನನ್ನದಕ್ಕೇ ಆ ಪ್ರಶ್ನೆ ಹಾಕಿದರೆ, ತಂಡ ಮುಚ್ಚಿದ ವಾರ ನಾನು ಬರೆದದ್ದರಲ್ಲಿ ಸಿಟ್ಟು ಹೆಚ್ಚು, ಸಂಗತಿ ಕಡಿಮೆ. ಯಾರು ಏನು ಅಂದರು ಎನ್ನುವುದೂ ಅಷ್ಟೇ. ಮಾತಿನ ಧಾಟಿ ನನಗೆ ನೆನಪಿದೆ, ಪದಗಳಿಗೆ ಆಣೆ ಮಾಡಲಾರೆ.

ಮೂವತ್ತೊಂಬತ್ತಕ್ಕೆ ನಿವೃತ್ತಳಾದೆ ಅಂದರೆ ಕಡೂರಿನಲ್ಲಿ ಜನ ನಗುತ್ತಾರೆ. ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು, "ನಾನು ಅರವತ್ತಕ್ಕೆ ಮಾಡಿದ್ದನ್ನ ನೀನು ಈಗ್ಲೇ ಮುಗಿಸ್ಬಿಟ್ಯಲ್ಲ, ಭಾಳ ಫಾಸ್ಟು ಕಣಮ್ಮ" ಅಂದರು. ಆದರೆ ನಾನಿದ್ದ ಕ್ಷೇತ್ರದಲ್ಲಿ ಇಪ್ಪತ್ತೈದಕ್ಕೆ ಆಟಗಾರ ಹಿರಿಯ ಅನ್ನಿಸಿಕೊಳ್ಳುತ್ತಾನೆ. ನಲವತ್ತರ ಹತ್ತಿರದ ಮ್ಯಾನೇಜರ್ ಅಜ್ಜಿಗೆ ಸಮ. ಮೊಬೈಲ್ ಆಟವನ್ನೇ ವೃತ್ತಿ ಮಾಡಿಕೊಂಡ ನಾಲ್ವರ ತಂಡಕ್ಕೆ ನಾನು ಮ್ಯಾನೇಜರ್ ಆಗಿದ್ದೆ. ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಗೆದ್ದ ಪಂದ್ಯಗಳ ಬಗ್ಗೆ. ನನಗೆ ಹೇಳಬೇಕಿರುವುದು ತಂಡ ಕಳೆದುಕೊಂಡ ದಿನಗಳ ಬಗ್ಗೆ.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಪರದೆಯ ಮೇಲೆ ಒಂದು ದೊಡ್ಡ ಬಯಲು. ಅಲ್ಲಿ ಹಲವು ತಂಡಗಳು ಇಳಿಯುತ್ತವೆ. ಒಂದು ವೃತ್ತ ಸುತ್ತಲಿಂದ ಒತ್ತಿಕೊಂಡು ಬರುತ್ತದೆ. ಕೊನೆಗೆ ಉಳಿದ ತಂಡ ಗೆದ್ದಂತೆ.

ನಾನು ಇದಕ್ಕೆ ಬಂದದ್ದು ನನ್ನ ತಮ್ಮ ಪವನನಿಂದ. ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದ ನನಗೆ ಆ ವರ್ಷ ತರಗತಿ ಸಿಕ್ಕಿರಲಿಲ್ಲ. ಅವನು ತನ್ನನ್ನು ಆಟಕ್ಕೆ ಕರೆದಿದ್ದ, ಇಂಥ ತಂಡ ನಡೆಸುವ ಒಂದು ಸಂಸ್ಥೆಯ ಒಪ್ಪಂದ ತಂದು ಮುಂದಿಟ್ಟ. "ಅಕ್ಕ, ಇಂಗ್ಲಿಷ್ ದಪ್ಪ ಐತೆ. ಓದಿ ಹೇಳು. ಸೈನ್ ಹಾಕಿದ್ರೆ ಕಿಡ್ನಿ ಗಿಡ್ನಿ ಹೋಯ್ತದಾ ನೋಡು." ಓದಿ, ಆ ಸಂಸ್ಥೆಯ ಡೈರೆಕ್ಟರಿಗೆ ಫೋನ್ ಮಾಡಿ ಒಂದೊಂದು ಕಲಮಿಗೂ ಪ್ರಶ್ನೆ ಕೇಳಿದೆ. ಅವರು ಬೇಸತ್ತು, "ಮೇಡಂ, ನೀವೇ ಮ್ಯಾನೇಜರ್ ಆಗಿಬಿಡಿ" ಅಂದರು. ತಮಾಷೆಗೆ ಅಂದಿರಬೇಕು. ನಾನು ಹೂಂ ಅಂದೆ.

ಆಟಗಾರರೆಲ್ಲ ಈ ಕಡೆಯವರೇ. ದೇವನೂರಿನ ಗೌತಮ ತಂಡದ ನಾಯಕ. ಎಲ್ಲಿ ಇಳಿಯಬೇಕು, ಯಾವಾಗ ಹೊರಡಬೇಕು ಅಂತ ಹೇಳುವವನು. ಹಿರೇನಲ್ಲೂರಿನ ಮಂಜ ವಾಹನ ಓಡಿಸುವುದರಲ್ಲಿ ನಿಪುಣ, ಬಾಯಿಯೂ ಓಡುತ್ತಿತ್ತು. ಅಮೃತಾಪುರದ ಗಿರೀಶ ದೂರದ ಗುರಿಕಾರ, ಮಾತು ಕಡಿಮೆ. ಪವನ ಮುಂದೆ ನುಗ್ಗುವವನು. ಸಂಸ್ಥೆಯವರು ಕಡೂರಿನ ಸ್ಟೇಷನ್ ಹತ್ತಿರ ಬಿತ್ತನೆ ಬೀಜದ ಅಂಗಡಿಯ ಮಹಡಿಯನ್ನು ಬಾಡಿಗೆಗೆ ಹಿಡಿದು ಅದನ್ನು ತಂಡದ ಮನೆ ಎಂದರು. ಮೆಟ್ಟಿಲು ಹತ್ತುವಾಗ ಬೀಜಕ್ಕೆ ಹಾಕಿದ ಔಷಧದ ವಾಸನೆ ಬರುತ್ತಿತ್ತು.

ಮ್ಯಾನೇಜರ್ ಕೆಲಸ ಅಂದರೆ ತಂತ್ರ ರೂಪಿಸುವುದು ಅಂತ ಭಾವಿಸಿ ಬರಬೇಡಿ. ಅದು ಹೆಬ್ಬೆರಳಿನ ಕೆಲಸ. ಬೆರಳು ಬೆವರಿದರೆ ಪರದೆ ಜಾರುತ್ತದೆ ಅಂತ ಆಟಗಾರರು ಒಂದು ತೆಳು ಬಟ್ಟೆಯ ತೊಡಿಕೆ ಹಾಕಿಕೊಳ್ಳುತ್ತಾರೆ, ಬೆರಳಿನ ಸ್ಪರ್ಶ ಪರದೆಗೆ ತಿಳಿಯಲೆಂದು ಅದರಲ್ಲಿ ಲೋಹದ ಸಣ್ಣ ಎಳೆ ನೇಯ್ದಿರುತ್ತದೆ. ನಮ್ಮ ಮೊದಲ ವೇದಿಕೆ ಪಂದ್ಯದ ಹಿಂದಿನ ದಿನ ಅವು ಮಣ್ಣು ಬಣ್ಣಕ್ಕೆ ತಿರುಗಿದ್ದು ಕಂಡು ನಾನು ಒಗೆದು, ಒಣಹಾಕಿ, ನೀಟಾಗಿ ಇಸ್ತ್ರಿ ಮಾಡಿಟ್ಟೆ. ಮರುದಿನ ಪಂದ್ಯ ಶುರುವಾದಾಗ, ಇಸ್ತ್ರಿಯ ಕಾವಿಗೆ ಎಳೆ ಸುಟ್ಟು, ನಾಲ್ವರ ಬೆರಳಿಗೂ ಪರದೆ ಕಿವುಡು. ಮಂಜ ವೇದಿಕೆಯ ಮೇಲಿಂದಲೇ ತಿರುಗಿ, "ಅಕ್ಕಾ, ಗಂಜಿ ಹಾಕಿದ್ಯೇನಕ್ಕ?" ಅಂತ ಕೂಗಿದ. ಮೈಕು ಆನ್ ಇತ್ತು. ಸಭಾಂಗಣವಿಡೀ ನಕ್ಕಿತು. ತೊಡಿಕೆ ಕಿತ್ತೆಸೆದು ಬರಿಗೈಯಲ್ಲಿ ಆಡಿದರು. ಆ ಪಂದ್ಯದ ಫಲಿತಾಂಶ ನನಗೆ ನೆನಪಿಲ್ಲ. ನೆನಪಿಟ್ಟುಕೊಳ್ಳಲು ಇಷ್ಟವಿಲ್ಲದೆಯೂ ಇರಬಹುದು.

ಡೈರೆಕ್ಟರ್ ಬಗ್ಗೆ ನ್ಯಾಯವಾಗಿ ಬರೆಯುವುದು ಕಷ್ಟ. ಕೆಟ್ಟ ಮನುಷ್ಯನಲ್ಲ. ಆಟ ಗೊತ್ತಿರಲಿಲ್ಲ, ಗೊತ್ತಿಲ್ಲ ಅನ್ನುವುದೂ ಗೊತ್ತಿರಲಿಲ್ಲ. ಗಿರೀಶ ಹುಲ್ಲಿನಲ್ಲಿ ಮಲಗಿ ಎದುರಾಳಿಗಾಗಿ ಕಾಯುತ್ತಿದ್ದರೆ ನನಗೆ ಫೋನ್ ಬರುತ್ತಿತ್ತು: "ಆ ಹುಡುಗ ಯಾಕೆ ಸುಮ್ಮನೆ ಬಿದ್ದಿದಾನೆ? ಪ್ರಾಯೋಜಕರು ನೋಡ್ತಿದಾರೆ. ಓಡಾಡಕ್ಕೆ ಹೇಳಿ." ಇನ್ನೊಂದು ಸಲ, ನೇರಪ್ರಸಾರದಲ್ಲಿ ಹುಡುಗರು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಕೂಗಾಡಬೇಕು, ಜೋರಾಗಿ ಕೂಗಿದಷ್ಟೂ ನೋಡುವವರು ಹೆಚ್ಚು ಅಂತ ಅಪ್ಪಣೆಯಾಯಿತು. ಗೌತಮ ಯೋಚಿಸುವುದು ಕನ್ನಡದಲ್ಲಿ, ಕೂಗುವುದು ಹಿಂದಿಯಲ್ಲಿ. ಮಧ್ಯದ ಆ ಒಂದು ಕ್ಷಣದಲ್ಲಿ ನಾವು ಎಷ್ಟೋ ಸಲ ಸತ್ತಿದ್ದೇವೆ.

ತಂಡ ಕುಸಿಯುವ ಲಕ್ಷಣಗಳನ್ನು ಹೊಸಬರು ತಿಳಿದಿರಬೇಕು. ಸಂಬಳ ತಡವಾಗುವುದು ಕೊನೆಯ ಲಕ್ಷಣ. ಅದಕ್ಕೂ ಮೊದಲು ಹೊಸ ಋತುವಿನ ಜೆರ್ಸಿ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಅಂಗಿಯ ಮೇಲಿನ ಪ್ರಾಯೋಜಕರ ಹೆಸರಿನ ಜಾಗದಲ್ಲಿ ಸಂಸ್ಥೆಯದೇ ಹೆಸರು ಇನ್ನೊಮ್ಮೆ ಅಚ್ಚಾಗುತ್ತದೆ. ಸಂಸ್ಥೆಯ ವಿಡಿಯೋ ತೆಗೆಯುವ ಹುಡುಗ ಕೆಲಸ ಬಿಡುತ್ತಾನೆ. ಡೈರೆಕ್ಟರ್ ಆಟದ ಬಗ್ಗೆ ಬೈಯುವುದನ್ನು ನಿಲ್ಲಿಸುತ್ತಾರೆ. ಇವೆಲ್ಲ ನನಗೆ ಆಗಲೇ ಹೊಳೆದಿದ್ದವೋ, ಆಮೇಲೆ ಸಾಲಾಗಿ ಜೋಡಿಸಿಕೊಂಡೆನೋ ಹೇಳಲಾರೆ. ಬೈಗುಳ ನಿಂತಾಗ ಸಮಾಧಾನವಾಗಿದ್ದು ಮಾತ್ರ ಖಂಡಿತ.

ಮುಚ್ಚಿದ ಸುದ್ದಿ ನಮಗೆ ಯಾರೂ ಹೇಳಲಿಲ್ಲ. ಬೆಳಿಗ್ಗೆ ಮಂಜ ಮುಖಕ್ಕೆ ಸೋಪು ಹಚ್ಚಿಕೊಂಡು ಫೋನ್ ನೋಡುತ್ತಾ ಬಚ್ಚಲಿನಿಂದ ಬಂದ.

"ಅಕ್ಕಾ, ನಮ್ಗೆ ಥ್ಯಾಂಕ್ಸ್ ಹೇಳವ್ರೆ ಕಣಕ್ಕ, ಸಂಸ್ಥೆ ಪೇಜಲ್ಲಿ."

"ಯಾತಕ್ಕೋ?"

"ಹೋಗ್ರಪ್ಪಾ ಅನ್ನಕ್ಕೆ."

ಹಣಕಾಸಿನ ತೊಂದರೆಯಿಂದ ತಂಡವನ್ನು ವಿಸರ್ಜಿಸಲಾಗಿದೆ, ನಾಲ್ವರಿಗೂ ಶುಭವಾಗಲಿ ಅಂತ ಹಾಕಿದ್ದರು, ನಗುತ್ತಿರುವ ಪಟದ ಜೊತೆ. ಸಾವಿರಾರು ಅಪರಿಚಿತರಿಗೆ ನಮಗಿಂತ ಮೊದಲೇ ಗೊತ್ತಾಗಿತ್ತು. ಅಡುಗೆ ಕಟ್ಟೆಯ ಹತ್ತಿರ ನಿಂತಿದ್ದ ಗೌತಮ ಕೇಳಿದ್ದು ಒಂದೇ: "ಸ್ಲಾಟ್ ಯಾರ್ದು?"

ಆ ಪ್ರಶ್ನೆಯಲ್ಲಿ ಎಲ್ಲವೂ ಇತ್ತು. ಸ್ಲಾಟ್ ಅಂದರೆ ದೊಡ್ಡ ಟೂರ್ನಿಯಲ್ಲಿ ನಾವು ಆಡಿ ಗಳಿಸಿದ್ದ ಜಾಗ. ಅದಕ್ಕಾಗಿ ಒಂದಿಡೀ ಋತು, ಯಾರು ಬೇಕಾದರೂ ಆಡಬಹುದಾದ ಅರ್ಹತಾ ಸುತ್ತುಗಳಲ್ಲಿ ತೆವಳಿದ್ದೆವು. ಅದು ಹೋದರೆ ಮತ್ತೆ ತಳದಿಂದ ಶುರು, ಅಷ್ಟು ವರ್ಷ ಈ ಹುಡುಗರ ಕೈಯಲ್ಲಿರಲಿಲ್ಲ. ನಿಯಮ ಎಲ್ಲ ಮ್ಯಾನೇಜರುಗಳಿಗೂ ಗೊತ್ತಿದ್ದದ್ದೇ: ಸಂಸ್ಥೆ ಮುಚ್ಚಿದರೆ ಜಾಗ ಆಟಗಾರರದು, ಆದರೆ ನಾಲ್ವರಲ್ಲಿ ಮೂವರಾದರೂ ಒಟ್ಟಿಗೆ ಉಳಿದು ಹೊಸ ಹೆಸರಲ್ಲಿ ನೋಂದಾಯಿಸಬೇಕು. ಒಬ್ಬ ಹೋದರೆ ತಡೆದುಕೊಳ್ಳಬಹುದು. ಇಬ್ಬರು ಹೋದರೆ ಮುಗಿಯಿತು.

ಹದ್ದುಗಳು ಅವತ್ತೇ ಬಂದವು. ಮಧ್ಯಾಹ್ನ ಇನ್ನೊಂದು ತಂಡದ ಮ್ಯಾನೇಜರ್ ಫೋನ್ ಮಾಡಿದ. ನಯವಾಗಿ ಸಂತಾಪ ಹೇಳಿ, "ನಿಮ್ಮ ಪವನ್, ಗಿರೀಶ್, ಇಬ್ಬರೂ ನಮಗೆ ಬೇಕು" ಅಂದ. ಇಬ್ಬರೂ ಅಂದದ್ದೋ, ಇಬ್ಬರಲ್ಲಿ ಒಬ್ಬರು ಅಂದದ್ದೋ? ಎಷ್ಟು ಸಲ ಹಿಂದೆ ಹೋಗಿ ಕೇಳಿಸಿಕೊಂಡರೂ ನನ್ನ ಕಿವಿಗೆ ‘ಇಬ್ಬರೂ’ ಅಂತಲೇ ಬರುತ್ತದೆ. ನೀವೇ ಅವರನ್ನು ಕೇಳಿಕೊಳ್ಳಿ ಅಂದೆ. ಹೇಳಿದ್ದು ಅಷ್ಟೇ. ಯಾರ ದಾರಿಗೂ ಅಡ್ಡ ಮಲಗಬಾರದು ಅನ್ನುವುದು ನನ್ನ ನಿಲುವಾಗಿತ್ತು. ಒಳಗೆ ಮಾತ್ರ ಮೂವರನ್ನು ಹೇಗೆ ಹಿಡಿಯುವುದು ಅಂತ ಲೆಕ್ಕ ಓಡುತ್ತಿತ್ತು.

ಪವನ ಎರಡು ದಿನದಲ್ಲಿ ಹೊರಟ. ಚೀಲ ತುಂಬುತ್ತಾ, ನನ್ನ ಮುಖ ನೋಡದೆ, "ಬತ್ತೀನಿ ಕಣಕ್ಕ" ಅಂದ.

"ಲೇ, ಒಂದ್ ಮಾತಾದ್ರೂ ಕೇಳ್ಬೋದಿತ್ತು."

"ಕೇಳಿದ್ರೆ ನೀನು ಅಕ್ಕನಾಗಿ ಹೇಳ್ತಿದ್ಯಾ, ಮ್ಯಾನೇಜರಾಗಿ ಹೇಳ್ತಿದ್ಯಾ?"

ಮಂಜ ಮೆಟ್ಟಿಲ ಮೇಲಿಂದ, "ಹೋಗಪ್ಪಾ ಹೋಗು, ಅಲ್ಲಿ ಎ.ಸಿ. ಐತಂತೆ, ಶೀತ ಆದ್ರೆ ವಿಕ್ಸ್ ಕಳಿಸ್ತೀವಿ" ಅಂತ ಛೇಡಿಸಿದ. ಗೌತಮ ಮಾತ್ರ ಸ್ಟೇಷನ್ ತನಕ ಚೀಲ ಹಿಡಿದು ಹೋದ.

ಉಳಿದದ್ದು ಮೂವರು, ಸರಿಯಾಗಿ ಬೇಕಾದಷ್ಟೇ. ನೋಂದಣಿಗೆ ಇನ್ನೂ ಸ್ವಲ್ಪ ಕಾಲವಿತ್ತು. ಹುಡುಗರು ಊರಿಗೆ ಹೋಗಿ ಬರುತ್ತೇವೆ ಅಂದರು. ಹೋದ ಮೂರನೆಯ ಬೆಳಿಗ್ಗೆ ಮಂಜ ಫೋನ್ ಮಾಡಿದ. ದನಿಯಲ್ಲಿ ತಮಾಷೆ ಇರಲಿಲ್ಲ. "ಅಕ್ಕ, ಗಿರಿ ಟ್ಯಾಗ್ ತೆಗ್ದವ್ನೆ."

ಆಟದೊಳಗೆ ಪ್ರತಿಯೊಬ್ಬನ ಹೆಸರಿನ ಮುಂದೆ ತಂಡದ ಮೂರಕ್ಷರ ಇರುತ್ತದೆ. ಅದೇ ಟ್ಯಾಗ್. ಈ ಕ್ಷೇತ್ರದಲ್ಲಿ ಯಾರೂ ರಾಜೀನಾಮೆ ಕೊಡುವುದಿಲ್ಲ. ಟ್ಯಾಗ್ ಕಾಣೆಯಾಗುತ್ತದೆ, ಜನ ಅರ್ಥ ಮಾಡಿಕೊಳ್ಳುತ್ತಾರೆ. ಮಧ್ಯಾಹ್ನದೊಳಗೆ ಅಭಿಮಾನಿಗಳು ಗಿರೀಶನನ್ನು ಪವನನ ಹೊಸ ತಂಡಕ್ಕೆ ಸೇರಿಸಿಯೂ ಆಗಿತ್ತು. ಟೂರ್ನಿಯವರು ನನಗೆ, "ನೀವು ಮೂವರಿದ್ದೀರೋ ಇಲ್ಲವೋ ಖಚಿತಪಡಿಸಿ" ಅಂತ ಸಂದೇಶ ಹಾಕಿದರು. ಗೌತಮ, "ಅವ್ನು ಹೋಗಿದ್ರೆ ಬಿಡಿ ಅಕ್ಕ, ಕೇಳಕ್ಕೋಗಿ ಅವನ್ನ ಚಿಕ್ಕೋನು ಮಾಡ್ಬೇಡಿ" ಅಂದ. ಗಿರೀಶನ ಫೋನ್ ಆಫ್. ನಾನು ಬಿಡುವವಳಲ್ಲ. ತರೀಕೆರೆಗೆ ಹೋಗಿ ಅಮೃತಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವನಿಗೆ ಏನು ಹೇಳಬೇಕು ಅಂತ ಸಿದ್ಧ ಮಾಡಿಕೊಂಡೆ. ಕರ್ತವ್ಯ, ಗೆಳೆತನ ಅಂತೆಲ್ಲ ದೊಡ್ಡ ಮಾತುಗಳು.

ಅವನ ಮನೆಯ ಜಗಲಿಯ ಮೇಲೆ ರಟ್ಟಿನ ಪೆಟ್ಟಿಗೆ ಇತ್ತು. ಜೆರ್ಸಿ ಒಗೆದು ಮಡಿಸಿಟ್ಟಿದ್ದ. ಹೆಡ್‌ಫೋನು, ಸಂಸ್ಥೆ ಕೊಟ್ಟ ಫೋನು, ಚಾರ್ಜರ್ ವೈರು ಸುರುಳಿ ಸುತ್ತಿ ದಾರ ಕಟ್ಟಿತ್ತು. ನಾನು ನಿಂತಲ್ಲೇ ಕೇಳಿದೆ: "ಟ್ಯಾಗ್ ಯಾಕೆ ತೆಗೆದೆ ಗಿರೀಶ?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅವರ್ದಲ್ವಾ ಅಕ್ಕ ಅದು? ಎಲ್ಲಾ ವಾಪಸ್ ಕಳಿಸ್ತಿದೀನಲ್ಲ, ಹೆಸರು ಮಾತ್ರ ಹೆಂಗೆ ಇಟ್ಕೊಳ್ಳಾದು?"

ಒಳಗಿಂದ ಅವನ ತಾಯಿ ಅಕ್ಕಿ ಕೇರುತ್ತಲೇ ಹೇಳಿದರು: "ನಾನೇ ಹೇಳಿದ್ದು ಕಣಮ್ಮ. ಬಾಡಿಗೆ ಮನೆ ಬಿಡ್ಬೇಕಾದ್ರೆ ಗುಡಿಸಿ ಸಾರಿಸಿ, ಹೊಸ್ಲಿಗೆ ಒಂದೆಳೆ ರಂಗೋಲಿ ಬಿಟ್ಟು ಬರಲ್ವಾ? ಇನ್ನೊಬ್ರುದು ಒಂದ್ ಮೊಳೆನೂ ತರಬಾರ್ದು. ಅವ್ರ ತಾವ ದುಡ್ಡಿಲ್ಲ ಅಂತ ಇವ್ನು ಋಣ ಇಟ್ಕಂಡ್ ಕೂರಾದಾ?"

"ಊರೆಲ್ಲ ನೀನು ತಂಡ ಬಿಟ್ಟೆ ಅಂತಿದಾರೆ."

ಗಿರೀಶ ಗಾಬರಿಯಾದ. "ಬಿಡಾದ್ಯಾಕೆ? ಅವ್ರ ಮನೆ ಬಿಟ್ಟೆ. ನಿಮ್ಮನ್ನ ಯಾಕೆ ಬಿಡ್ಲಿ?" ಆಮೇಲೆ ತಡೆದು, "ನಂಗೆ ಯಾರೂ ಕರೆದೂ ಇಲ್ಲ ಕಣಕ್ಕ" ಅಂದ. ಅವನಿಗಿದ್ದದ್ದು ಸಂಸ್ಥೆಯ ಆ ಫೋನು ಒಂದೇ, ಅದು ಆಫ್ ಆಗಿ ಪೆಟ್ಟಿಗೆಯಲ್ಲಿತ್ತು. ಆದರೆ ಅದನ್ನು ಪೆಟ್ಟಿಗೆಗೆ ಹಾಕಿದ್ದು ಹಿಂದಿನ ಸಂಜೆಯಷ್ಟೇ. ಅಲ್ಲಿಯ ತನಕ ಅದು ಅವನ ಜೇಬಿನಲ್ಲೇ ಇತ್ತು ಅಂತ ಅವನೇ ಹೇಳಿದ. ಆ ಮಾತನ್ನು ಆಗ ನಾನು ಗಮನಿಸಲಿಲ್ಲ. ಖುಷಿಯಲ್ಲಿ ಅವರ ಮನೆಯಲ್ಲಿ ಎರಡು ಸಲ ಊಟಕ್ಕೆ ಬಡಿಸಿಕೊಂಡೆ.

ಮೂವರನ್ನೂ ನೋಂದಾಯಿಸಿದೆವು. ಹೆಸರಿಡುವಾಗ ಮಂಜ ‘ಕಡೂರ್ ಕಿಲ್ಲರ್ಸ್’ ಅಂದ. ಗೌತಮ, "ನಿಮ್ಮಜ್ಜಿ ಕೇಳಿದ್ರೆ ಏನ್ ಹೇಳ್ತೀಯಲೇ?" ಅಂದಾಗ ಅದನ್ನು ಕೈಬಿಟ್ಟ. ‘ಬಯಲು’ ಅಂತ ಇಟ್ಟೆವು. ನಾಲ್ಕನೆಯವನಾಗಿ ತರೀಕೆರೆಯ ಸುಹಾಸ ಬಂದ. ಅವನ ತಂಡ ನಮಗಿಂತ ಮೊದಲೇ ಮುಚ್ಚಿತ್ತು, ಆದ್ದರಿಂದ ಅವನಿಗೆ ಯಾವುದನ್ನೂ ವಿವರಿಸಬೇಕಾಗಿರಲಿಲ್ಲ.

ಸಂಸ್ಥೆ ಇಲ್ಲದ ತಂಡಕ್ಕೆ ಮೊದಲು ಕಾಡುವುದು ಸಂಬಳದ ಕೊರತೆಯಲ್ಲ, ಅಭ್ಯಾಸದ ಕೊರತೆ. ದೊಡ್ಡ ತಂಡಗಳು ತಮ್ಮತಮ್ಮೊಳಗೆ ಅಭ್ಯಾಸ ಪಂದ್ಯ ಆಡುತ್ತವೆ. ಬೆನ್ನಿಗೆ ಸಂಸ್ಥೆಯಿಲ್ಲದವರನ್ನು ಒಳಗೆ ಬಿಡುವುದಿಲ್ಲ. ನಾನು ಒಬ್ಬೊಬ್ಬ ಮ್ಯಾನೇಜರಿಗೂ ಫೋನ್ ಮಾಡಿ, ಯಾವುದಾದರೂ ತಂಡ ಬರದಿದ್ದರೆ ಆ ಜಾಗಕ್ಕೆ ನಮ್ಮನ್ನು ಕರೆಯಿರಿ, ಯಾವಾಗ ಕರೆದರೂ ಸಿದ್ಧವಿರುತ್ತೇವೆ ಅಂದೆ. ಕಡೂರು ಬಸ್ ಸ್ಟ್ಯಾಂಡಿನಲ್ಲಿ ತುಂಬಿದ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಅನುಭವ ನನಗೆ ಎಂ.ಎ.ಗಿಂತ ಹೆಚ್ಚು ಉಪಯೋಗಕ್ಕೆ ಬಂತು.

ಮಹಡಿ ಖಾಲಿ ಮಾಡಿದ್ದೆವು, ಇಂಟರ್‌ನೆಟ್ ಇರಲಿಲ್ಲ. ಅಜ್ಜಂಪುರದಲ್ಲಿ ನನ್ನ ಕಾಲೇಜು ಗೆಳತಿ ನಾಗರತ್ನ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದಳು. ಒಳ್ಳೆಯ ಲೈನ್ ಇತ್ತು. ದಿನಾ ಬೆಳಿಗ್ಗೆ ರೈಲಿನಲ್ಲಿ ಅಲ್ಲಿಗೆ. ಹಿಂದಿನ ಬೆಂಚು ನಮ್ಮದು, ಮುಂದೆ ಹುಡುಗಿಯರು ಟೈಪಿಂಗ್ ಕಲಿಯುತ್ತಿದ್ದರು. ಮೊದಲ ದಿನವೇ ಮಂಜ ಅಭ್ಯಾಸಬಲದಿಂದ, "ಹೊಡಿಯಲೇ, ಕೊಲ್ಲು, ಬಿಡಬ್ಯಾಡ!" ಅಂತ ಅರಚಿದ. ಒಬ್ಬ ಹುಡುಗಿ ಕುರ್ಚಿಯಿಂದ ಎದ್ದೇ ಬಿಟ್ಟಳು. ನಾಗರತ್ನ ಬಂದು ಅಳತೆಕೋಲಿನಿಂದ ಬೆಂಚು ಕುಟ್ಟಿದಳು.

"ಏನ್ರಪ್ಪಾ, ಇಲ್ಲಿ ಪರೀಕ್ಷೆಗೆ ಕೂರೋ ಮಕ್ಳವ್ರೆ. ಕೊಲ್ಲೋದಾದ್ರೆ ಪಿಸುಮಾತಲ್ಲಿ ಕೊಲ್ಲಿ. ಇಲ್ಲಾಂದ್ರೆ ನಡೀರಿ."

ಹಾಗೆ ನಮ್ಮ ಆಟದ ವಿಧಾನ ಬದಲಾಯಿತು. ಪಿಸುಮಾತಿನಲ್ಲಿ ಉದ್ದ ವಾಕ್ಯ ಆಡಲಾಗುವುದಿಲ್ಲ. ಗೌತಮ ಪದಗಳನ್ನು ಕತ್ತರಿಸಿದ. ಹಿಂದಿ ಇಂಗ್ಲಿಷ್ ತಾನಾಗಿ ಉದುರಿಹೋದವು. ನಕ್ಷೆಯ ಜಾಗಗಳಿಗೆ ಅವರೇ ಹೆಸರಿಟ್ಟರು: ಬದು, ಹಳ್ಳ, ಕಣ, ತೋಪು. "ಬದಿನ್ ಹಿಂದೆ ಇಬ್ರು." "ಹಳ್ಳ ಇಳಿ." ಹೊಲದಲ್ಲಿ ಬೆಳೆದವರಿಗೆ ಬದು ಅಂದ ಕೂಡಲೇ ಎತ್ತರ, ಅಡಗುವ ಜಾಗ, ದಾಟುವ ಕಷ್ಟ ಎಲ್ಲ ಒಟ್ಟಿಗೆ ಹೊಳೆಯುತ್ತದೆ. ಇದರಿಂದಲೇ ಸುಧಾರಿಸಿದೆವು ಅಂತ ನಾನು ಸಾಧಿಸಲಾರೆ. ಸುಹಾಸ ಬಂದದ್ದೂ ಕಾರಣವಿರಬಹುದು, ಬೈಯುವವರು ಇಲ್ಲದ್ದೂ ಇರಬಹುದು. ಆದರೆ ಅರಚುವವನಿಗೆ ಪಕ್ಕದವನ ಮಾತು ಕೇಳುವುದಿಲ್ಲ, ಪಿಸುಗುಡುವವನಿಗೆ ಕೇಳುತ್ತದೆ. ಇಷ್ಟನ್ನು ಹೊಸಬರು ನನ್ನಿಂದ ತೆಗೆದುಕೊಳ್ಳಬಹುದು.

ಟೂರ್ನಿಯಲ್ಲಿ ಸುತ್ತಲಿನ ತಂಡಗಳು ಮೇಜು ಗುದ್ದಿ ಕೂಗುತ್ತಿದ್ದರೆ ನಮ್ಮ ನಾಲ್ವರು ಪರೀಕ್ಷೆ ಬರೆಯುವವರಂತೆ ಕೂತಿದ್ದರು. ವೀಕ್ಷಕ ವಿವರಣೆಯವರು ನಮ್ಮ ಮೈಕು ಕೆಟ್ಟಿದೆ ಅಂದುಕೊಂಡು ತಂತ್ರಜ್ಞನನ್ನು ಕಳಿಸಿದರು. ಬಂದವನಿಗೆ ಮಂಜ ಪಿಸುಗುಟ್ಟಿದ, "ಅಣ್ಣ, ನಾಗರತ್ನ ಮೇಡಂ ಬೈತಾರೆ." ಗೆಲ್ಲಲಿಲ್ಲ. ಆದರೆ ಮುಂದಿನ ಋತುವಿಗೂ ಜಾಗ ಉಳಿಸಿಕೊಂಡೆವು. ಪವನನ ತಂಡ ನಮಗಿಂತ ಕೆಳಗಿತ್ತು. ಬೇರೆ ಜೆರ್ಸಿಯಲ್ಲಿ ಅವನು ದೂರದಿಂದ ಹೆಬ್ಬೆರಳು ಎತ್ತಿ ತೋರಿಸಿದ. ನಾನೂ ಎತ್ತಿದೆ. ಹತ್ತಿರ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅಂತ ಈಗಲೂ ಕೇಳಿಕೊಳ್ಳುತ್ತೇನೆ.

ಒಂದು ವರ್ಷದೊಳಗೆ ಅವನ ತಂಡವೂ ಮುಚ್ಚಿತು, ಅದೇ ಹಣಕಾಸು, ಅದೇ ನಗುವ ಪಟ. ಅಲ್ಲಿ ಮೂವರು ಒಟ್ಟಿಗೆ ನಿಲ್ಲಲಿಲ್ಲ, ಜಾಗ ಹೋಯಿತು. ಪವನ ಮತ್ತೆ ತಂಡ ಹುಡುಕಲಿಲ್ಲ. ಕಡೂರಿನಲ್ಲೇ ಫೋನ್ ರಿಪೇರಿ ಮಾಡುತ್ತಾನೆ. ‘ಬಯಲು’ ಈಗಲೂ ಆಡುತ್ತಿದೆ. ಗೌತಮನೇ ಮ್ಯಾನೇಜರ್, ಹುಡುಗರು ಹೊಸಬರು. ಅದಕ್ಕೇ ನಾನು ಧೈರ್ಯವಾಗಿ ನಿವೃತ್ತಳಾದದ್ದು.

ಈಚೆಗೆ ಗಿರೀಶ ಮನೆಗೆ ಬಂದಿದ್ದ. ಅವನಿಗೆ ಕೈಯ ನರದ ತೊಂದರೆ, ಆಟ ಬಿಟ್ಟಿದ್ದಾನೆ. ಮಾತಿನ ನಡುವೆ ನಗುತ್ತಲೇ ಅಂದ: "ಅವತ್ತು ನಂಗೊಂದು ಕಾಲ್ ಬಂದಿದ್ರೆ ಹೋಗ್ತಿದ್ದೆ ಅನ್ಸುತ್ತಕ್ಕ. ಆಗ ನನ್ನ ಆಟ ತುದೀಲಿತ್ತು." ಅವನು ಹೋದ ಮೇಲೆ ನಾನು ಹಳೆಯ ಲೆಕ್ಕವನ್ನು ಮತ್ತೆ ಹಾಕಿದೆ. ಇಬ್ಬರೂ ಬೇಕು ಅಂದ ತಂಡ, ಗಿರೀಶನ ಫೋನು ಅವನ ಜೇಬಿನಲ್ಲೇ ಇದ್ದ ಆ ದಿನಗಳಲ್ಲಿ, ಅವನಿಗೆ ಕರೆಯೇ ಮಾಡಲಿಲ್ಲ. ಇಬ್ಬರೂ ಅಂದಿದ್ದು ನಿಜವಾದರೆ, ನಡುವೆ ಯಾರೋ ಏನೋ ಹೇಳಿರಬೇಕು. ಹೇಳಬಲ್ಲವನು ಆಗ ಅಲ್ಲಿ ಪವನ ಒಬ್ಬನೇ ಇದ್ದ. ಅವನು ಹೇಳಿದ್ದರಿಂದ ನಮಗೆ ಮೂವರು ಉಳಿದರು. ಗಿರೀಶನಿಗೆ ಅವನ ಒಳ್ಳೆಯ ಕಾಲದ ಕರೆ ತಪ್ಪಿತು. ನಾನು ತಪ್ಪಾಗಿ ಕೇಳಿಸಿಕೊಂಡಿದ್ದರೆ ಇದ್ಯಾವುದೂ ಇಲ್ಲ.

ಹೋದ ವಾರ ದೇವನೂರಿಗೆ ಗೌತಮನ ಮಗಳ ನಾಮಕರಣಕ್ಕೆ ಪವನನ ಸ್ಕೂಟರಿನ ಹಿಂದೆ ಕೂತು ಹೋಗುತ್ತಿದ್ದೆ. ಹಿಂದೆ ಕೂತರೆ ಮುಖ ಕಾಣುವುದಿಲ್ಲ, ಕೇಳುವುದು ಸುಲಭ.

"ಪವನ, ಗಿರೀಶನ್ನ ಕರೀಬೇಡಿ ಅಂತ ಅವರಿಗೆ ನೀನೇ ಹೇಳಿದ್ಯಾ?"

ಗಾಡಿಯ ವೇಗ ಸ್ವಲ್ಪ ಇಳಿಯಿತು. ರಸ್ತೆಯಲ್ಲಿ ಉಬ್ಬು ಇತ್ತೋ ಏನೋ, ನಾನು ನೋಡಲಿಲ್ಲ. ಗೌತಮನ ಮನೆ ಬಂತು. ಪವನ ಸ್ಟ್ಯಾಂಡ್ ಹಾಕಿ, "ಇಳಿ ಅಕ್ಕ, ಕಾಯ್ತಿರ್ತಾರೆ" ಅಂದ. ಒಳಗೆ ಗಿರೀಶನ ಪಕ್ಕದಲ್ಲೇ ಹೋಗಿ ಕೂತ.